ರಸ್ಯದೋರ ಮಾತು

ಮಹೇಶ್ ನಕ್ಕಾಗ ನಾನು ಇಪ್ಪತ್ತೆರಡನೆಯ ಸ್ಲೈಡಿನಲ್ಲಿದ್ದೆ. ಜೋರು ನಗೆಯಲ್ಲ. ಮೂಗಿನಿಂದ ಹೊರಟ ಸಣ್ಣ ಸದ್ದೊಂದು ತಕ್ಷಣ ಕೆಮ್ಮಿನ ವೇಷ ಹಾಕಿಕೊಂಡಿತು. ಮೈಸೂರಿನಿಂದ ಬಂದಿದ್ದ ಇಬ್ಬರು ತಜ್ಞರು ಹಿಂದಿನ ಸಾಲಿನತ್ತ ತಿರುಗಿ ನೋಡಿದರು. ನನ್ನ ಗೈಡ್ ಚಂದ್ರಮೌಳಿ ಸರ್ ಮಾತ್ರ ತಿರುಗಲಿಲ್ಲ. ಅವರು ಗೋಡೆಯ ಮೇಲೆ ಬಿದ್ದಿದ್ದ ಎರಡು ಸಾಲುಗಳನ್ನು, ಮನೆಯ ಹಳೆಯ ಫೋಟೊ ನೋಡುವವರ ಹಾಗೆ, ತಲೆ ಸ್ವಲ್ಪ ಓರೆ ಮಾಡಿ ನೋಡುತ್ತಿದ್ದರು.

“ರಷ್ಯಾದವರು ಮಾತು ಕೊಟ್ಟು ಕೈಬಿಟ್ಟರು. ಅವರನ್ನು ನಂಬಿಕೊಂಡು ನಾವು ಅಮೆರಿಕದವರನ್ನು ಎದುರು ಹಾಕಿಕೊಂಡೆವು.”

ಕೆಳಗೆ ಸಣ್ಣ ಅಕ್ಷರದಲ್ಲಿ: ಪಾಪಮ್ಮ, ಅರವತ್ತೆಂಟು ವರ್ಷ, ಕೃಷಿಕ ಕುಟುಂಬ, ಚನ್ನರಾಯಪಟ್ಟಣ.

ನಾನು ಮಾತು ಮುಂದುವರಿಸಿದೆ. 1971ರ ಯುದ್ಧದ ದಿನಗಳಲ್ಲಿ ಪಂಚಾಯ್ತಿ ರೇಡಿಯೊ ಮೂಲಕ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಹೊರದೇಶಗಳು ಹೇಗೆ ಬಂದು ಮುಟ್ಟಿದವು, ಜನರ ನೆನಪಿನಲ್ಲಿ ಅವು ಹೇಗೆ ಉಳಿದಿವೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಇಡೀ ದೇಶ ರಷ್ಯಾವನ್ನು ಗೆಳೆಯ ಎಂದು ಕರೆಯುತ್ತಿದ್ದ ಕಾಲವನ್ನು ಒಬ್ಬ ರೈತ ಹೆಂಗಸು ಕೈಬಿಟ್ಟ ಕಾಲವೆಂದು ನೆನಪಿಟ್ಟುಕೊಂಡದ್ದೇಕೆ? ನಾಲ್ಕನೆಯ ಅಧ್ಯಾಯದ ಅರವತ್ತೆರಡು ಪುಟಗಳೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದ್ದವು. ತಜ್ಞರಿಗೆ ಹಿಡಿಸಿದ್ದೂ ಅದೇ. ಮೊದಲ ಮೂರು ಅಧ್ಯಾಯ ಯಾರಾದರೂ ಬರೆಯುವಂಥದ್ದು, ಥೀಸಿಸ್ ಇರುವುದು ನಾಲ್ಕರಲ್ಲಿ ಎಂದು ಅವರಲ್ಲಿ ಹಿರಿಯರು ಹೇಳಿದರು. ಜನವರಿ ಮೂವತ್ತೊಂದರೊಳಗೆ ನಾನು ಸಲ್ಲಿಸಬೇಕಿತ್ತು. ಅದು ನನಗೆ ಸಿಕ್ಕಿದ್ದ ಕೊನೆಯ ವಿಸ್ತರಣೆ. ತಪ್ಪಿದರೆ ಆರು ವರ್ಷದ ನೋಂದಣಿ ತಾನಾಗಿ ರದ್ದಾಗುತ್ತಿತ್ತು. ಅವತ್ತು ಜನವರಿ ನಾಲ್ಕು.

ಚಹಾ ವಿರಾಮದಲ್ಲಿ ಮಹೇಶನನ್ನು ಮೆಟ್ಟಿಲ ಹತ್ತಿರ ಹಿಡಿದೆ. ಅವನು ಸಂಶೋಧನೆಗೆ ಸೇರಿ ಎರಡು ವಾರವಷ್ಟೇ ಆಗಿತ್ತು. ನನ್ನನ್ನು ಆಗಲೇ ಅಕ್ಕ ಎನ್ನುತ್ತಿದ್ದ. ಯಾಕೆ ನಕ್ಕೆ ಎಂದು ಕೇಳಿದರೆ ಬೇಡ ಬಿಡಕ್ಕ ಎಂದ. ಇನ್ನೊಮ್ಮೆ ಕೇಳಿದಾಗ ಅವನೇ ಪ್ರಶ್ನೆ ಹಾಕಿದ.

“ಆ ಪಾಪಮ್ಮ ಕಲ್ಕೊಪ್ಪಲು ಚಿಕ್ಕಯ್ಯನ ಮಗಳಾ? ದಂಡಿಗನಳ್ಳಿಗೆ ಕೊಟ್ಟಿದ್ರಲ್ಲ, ಅವರಾ?”

ಹೌದೆಂದೆ. ಹುಟ್ಟಿದ ಊರು ಕಲ್ಲುಕೊಪ್ಪಲು ಎಂದು ನನ್ನ ಪಟ್ಟಿಯಲ್ಲಿತ್ತು.

ಮಹೇಶ್ ಚಹಾದ ಲೋಟವನ್ನು ಕಿಟಕಿಯ ಅಂಚಿನ ಮೇಲಿಟ್ಟ. “ಅಕ್ಕ, ಅದು ನಮ್ಮೂರು. ರಸ್ಯ ಅಂದ್ರೆ ನಮ್ಮೂರ್ ಕೆಳಗಲ ಬೀದಿ ಕಣಕ್ಕ. ಅಮ್ರಿಕ ಅಂದ್ರೆ ಮೇಗಲ ಬೀದಿ. ನಮ್ಮನೆ ಇರೋದೂ ರಸ್ಯದಲ್ಲೆ.”

ನಾನು ನಂಬಲಿಲ್ಲ. ನಂಬದೇ ಇರಲು ನನಗೆ ಅರವತ್ತೆರಡು ಪುಟಗಳಷ್ಟು ಕಾರಣವಿತ್ತು.

ಮಧ್ಯಾಹ್ನ ಸ್ಕಾಲರ್‌ಗಳ ಕೋಣೆಗೆ ಬಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎರಡು ವರ್ಷದ ಹಿಂದಿನ ಧ್ವನಿಮುದ್ರಣ ಹಾಕಿದೆ. ಚನ್ನರಾಯಪಟ್ಟಣದಲ್ಲಿ ಪಾಪಮ್ಮನ ಮೊಮ್ಮಗಳ ಮನೆ, ಹೊರಗೆ ಕುಕ್ಕರ್ ಸೀಟಿ, ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು. ಆಮೇಲೆ ಆ ದನಿ. ಅವರು ಹೇಳಿದ್ದು “ರಸ್ಯದೋರು”. ನಾನು ಬರೆದದ್ದು “ರಷ್ಯಾದವರು”. ಅವರು ಹೇಳಿದ್ದು “ಅಮ್ರಿಕದೋರು”. ನಾನು ಅದನ್ನೂ ತಿದ್ದಿದ್ದೆ. ವಿಭಾಗದಲ್ಲಿ ನಮಗೆ ಕಲಿಸಿದ್ದ ಕ್ರಮವೇ ಅದು: ಮಾತಾಡಿದವರ ಉಚ್ಚಾರವನ್ನು ಸರಿಪಡಿಸಿ ಬರವಣಿಗೆಯ ಕನ್ನಡಕ್ಕೆ ತರಬೇಕು, ಅಲ್ಲಿಂದ ಇಂಗ್ಲಿಷಿಗೆ ಒಯ್ಯಬೇಕು. ಎರಡು ಸಲ ಇಸ್ತ್ರಿ ತಿಕ್ಕುವಾಗ ಒಂದು ಬೀದಿ ದೇಶವಾಗಿತ್ತು.

ಆ ಕೋಣೆ ಈಗ ಇಲ್ಲ. ಅಲ್ಲಿ ಕಂಪ್ಯೂಟರ್ ಲ್ಯಾಬ್ ಬಂದಿದೆ. ಆಗ ಅಲ್ಲಿ ಐದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಎರಡು ಕಬ್ಬಿಣದ ಬೀರು, ನಡುವೆ ಗೋಡೆಗೆ ಹಬ್ಬಿಸಿದ ಒಂದು ಪ್ರಪಂಚದ ನಕ್ಷೆ ಇದ್ದವು. ನಕ್ಷೆ ಎಷ್ಟು ಹಳೆಯದೆಂದರೆ ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಒಡೆದಿರಲಿಲ್ಲ. ಬದಲಾಯಿಸಬೇಕೆಂದು ಪ್ರತಿ ವರ್ಷ ಮಾತಾಗುತ್ತಿತ್ತು, ಪ್ರತಿ ವರ್ಷ ಚಂದ್ರಮೌಳಿ ಸರ್ ಇರಲಿ ಬಿಡ್ರಪ್ಪ ಎನ್ನುತ್ತಿದ್ದರು. ನಾನು ಹೊಳೆನರಸೀಪುರದಿಂದ ಹಾಸನಕ್ಕೆ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೆ. ಮಾವಿನಕೆರೆ ದಾಟುವಾಗ ಮಂಜು ಕಿಟಕಿಯೊಳಗೆ ಬರುತ್ತಿತ್ತು, ತೊಡೆಯ ಮೇಲೆ ಇಟ್ಟುಕೊಂಡ ಪುಸ್ತಕದ ಹಾಳೆ ಮೆತ್ತಗಾಗುತ್ತಿತ್ತು. ಕೋಣೆಗೆ ಬಂದರೆ ಯಾರೋ ಆಗಲೇ ನೀರು ಕಾಯಿಸಿರುತ್ತಿದ್ದರು. ಪಾಪಮ್ಮನ ಮಾತು ನಮ್ಮಲ್ಲಿ ಒಂದು ನುಡಿಗಟ್ಟೇ ಆಗಿಹೋಗಿತ್ತು. ಕ್ಯಾಂಟೀನಿನಲ್ಲಿ ವಡೆ ಮುಗಿದಿದ್ದರೆ, ಫೆಲೋಶಿಪ್ ತಡವಾದರೆ, ಬರುತ್ತೇನೆಂದವರು ಬರದಿದ್ದರೆ, ಒಬ್ಬರಲ್ಲ ಒಬ್ಬರು ಹೇಳುತ್ತಿದ್ದರು: ರಷ್ಯಾದವರು ಕೈಬಿಟ್ಟರು. ನನ್ನ ಪಾಲಿಗೆ ಅದು ಹೆಮ್ಮೆಯ ಸಂಗತಿ. ಆ ವಾಕ್ಯವನ್ನು ಹುಡುಕಿಕೊಂಡು ಬಂದವಳು ನಾನು.

ಆದರೆ ಅದನ್ನು ಎತ್ತಿ ಹಿಡಿದವರು ಚಂದ್ರಮೌಳಿ ಸರ್. ನಾನು ಮೊದಲ ಸಲ ಓದಿ ಹೇಳಿದಾಗ ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಿದ್ದರು. ಅವರ ಕಥೆ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿತ್ತು. ಅರಕಲಗೂಡಿನ ಪುರೋಹಿತರ ಮನೆಯ ಹುಡುಗ. ಚಿಕ್ಕಂದಿನಲ್ಲಿ ರಷ್ಯಾದಿಂದ ಬರುತ್ತಿದ್ದ ಹೊಳೆಯುವ ಕಾಗದದ ಪತ್ರಿಕೆಗಳನ್ನು ಪಠ್ಯಪುಸ್ತಕಗಳಿಗೆ ರಟ್ಟು ಹಾಕಿಕೊಂಡು, ಪಾಠಕ್ಕಿಂತ ರಟ್ಟನ್ನೇ ಹೆಚ್ಚು ಓದಿದವರು. ಅಂಚೆಯ ಮೂಲಕ ಆ ಭಾಷೆಯ ಅಕ್ಷರ ಕಲಿತರು. 1991ರಲ್ಲಿ ಮಾಸ್ಕೋದಲ್ಲಿ ಸಂಶೋಧನೆ ಮಾಡಲು ವಿದ್ಯಾರ್ಥಿವೇತನ ಸಿಕ್ಕಿತು. ಪಾಸ್‌ಪೋರ್ಟ್ ಬಂತು. ತಾಯಿ ಉಣ್ಣೆಯ ಸ್ವೆಟರ್ ಹೆಣೆದರು. ಮುಂದಿನ ಪತ್ರಕ್ಕೆ ಕಾಯಿರಿ ಎಂದು ಒಂದು ಪತ್ರ ಬಂತು, ಅದರ ಮುಂದಿನ ಪತ್ರ ಬರಬೇಕಾದ ಹೊತ್ತಿಗೆ ಆ ದೇಶವೇ ಇರಲಿಲ್ಲ. ಸ್ವೆಟರ್ ಇತ್ತು. ಹಾಸನದ ಡಿಸೆಂಬರಿನಲ್ಲಿ ಅದನ್ನು ಹಾಕಿಕೊಂಡು ಕ್ಲಾಸಿಗೆ ಬರುತ್ತಿದ್ದರು. ಆ ವಾಕ್ಯವನ್ನು ದೆಹಲಿಯ ಒಂದು ವಿಚಾರ ಸಂಕಿರಣದಲ್ಲಿ ಓದಿ, ಅದಕ್ಕೆ ಒಂದು ಸಿದ್ಧಾಂತವನ್ನೂ ಕಟ್ಟಿ ಬಂದವರು ಅವರೇ.

ಮರುದಿನ ಮಹೇಶನ ಬೈಕಿನಲ್ಲಿ ಕಲ್ಲುಕೊಪ್ಪಲಿಗೆ ಹೋದೆ. ಚನ್ನರಾಯಪಟ್ಟಣ ದಾಟಿ ನುಗ್ಗೇಹಳ್ಳಿಯ ರಸ್ತೆ. ಎರಡೂ ಕಡೆ ತೆಂಗು, ನಡುವೆ ರಾಗಿ ಕೊಯ್ದ ಕೂಳೆ ಹೊಲ. ದಾರಿಯುದ್ದಕ್ಕೂ ನಾನು, ಮಹೇಶ್ ಚಿಕ್ಕವನು, ಅವನಿಗೆ ತಪ್ಪು ತಿಳಿದಿರಬಹುದು ಎಂದುಕೊಳ್ಳುತ್ತಿದ್ದೆ. ಊರಬಾಗಿಲಲ್ಲಿ ನೀರುಗಂಟಿ ಕೊಳಾಯಿಯ ವಾಲ್ವ್ ತಿರುಗಿಸುತ್ತಿದ್ದ. ಮಹೇಶ್ ಬೈಕ್ ನಿಲ್ಲಿಸಿ, ಇವತ್ತು ಯಾರಿಗೆ ನೀರು ಎಂದು ಸುಮ್ಮನೆ ಕೇಳಿದ.

“ಇವತ್ತು ಅಮ್ರಿಕಕ್ಕೆ ಬಿಟ್ಟಿವ್ನಿ. ರಸ್ಯಕ್ಕೆ ನಾಳೀಕೆ ಕಣ್ಲಾ, ನಿಮ್ಮವ್ವಂಗೆ ಯೋಳು.”

ಅಷ್ಟು ಸಾಕಾಯಿತು.

ಉಳಿದದ್ದನ್ನು ಅರಳಿಕಟ್ಟೆಯ ಮೇಲೆ ಕೂತಿದ್ದವರು ಸರದಿಯ ಮೇಲೆ, ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಂಡು ಹೇಳಿದರು. ಸ್ಕೂಲು ಇದ್ದದ್ದು ಮೇಗಲ ಬೀದಿಯಲ್ಲಿ. ಅಲ್ಲಿಗೆ ಡಬ್ಬಗಳಲ್ಲಿ ಹಾಲಿನ ಪುಡಿ, ಉಪ್ಪಿಟ್ಟಿಗೆ ಗೋಧಿ ಬರುತ್ತಿತ್ತು, ಅಮೆರಿಕದ್ದು. ಹಾಗಾಗಿ ಮೊದಲು ಆ ಬೀದಿ ಅಮ್ರಿಕವಾಯಿತು. ಪಂಚಾಯ್ತಿ ರೇಡಿಯೊ ಇದ್ದದ್ದು ಕೆಳಗಲ ಬೀದಿಯ ಚಾವಡಿಯಲ್ಲಿ. ಯುದ್ಧ ಬಂದಾಗ ಅಮೆರಿಕದ ಹಡಗು ನಮ್ಮ ಮೇಲೆ ಬರುತ್ತಿದೆ, ಅದನ್ನು ಬೆನ್ನಟ್ಟಿ ರಷ್ಯಾದ ಹಡಗು ಹೊರಟಿದೆ ಎಂದು ರೇಡಿಯೊ ಹೇಳಿತು. ಮಾರನೆಯ ಬೆಳಿಗ್ಗೆ ಕೆಳಗಲ ಬೀದಿ ರಸ್ಯವಾಗಿತ್ತು. ಹಾಲಿನ ಪುಡಿ ನಿಂತುಹೋಯಿತು, ರೇಡಿಯೊ ಹೋಯಿತು. ಹೆಸರು ಉಳಿಯಿತು.

ನಾನು ಪಾಪಮ್ಮನ ಸಂಗತಿ ಕೇಳಿದೆ. ಒಬ್ಬರು ಶುರು ಮಾಡಿದರು. ರೇಡಿಯೊ ಒಂದೇ, ಬೀದಿ ಎರಡು. ಅಮ್ರಿಕದವರಿಗೆ ಕೆಳಗಿಳಿದು ಬಂದು ರಸ್ಯದ ಚಾವಡಿಯ ಮುಂದೆ ನಿಂತು ವಾರ್ತೆ ಕೇಳುವುದು ಅವಮಾನ. ಆಗ ಒಂದು ಮಾತಾಯಿತು. ಮೇಗಲ ಬೀದಿಯ ಚಿಕ್ಕಯ್ಯನ ಮಗಳು ಪಾಪಮ್ಮನನ್ನು ಕೆಳಗಲ ಬೀದಿಯ ಅಣ್ಣಯ್ಯನಿಗೆ ಕೊಡುವುದು. ಮದುವೆಯಾದ ಮೇಲೆ ರೇಡಿಯೊ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಅಣ್ಣಯ್ಯನೇ ರೇಡಿಯೊ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡಿದ್ದವನು. ರಸ್ಯದವರನ್ನು ನಂಬಬೇಡ ಎಂದು ಮೇಗಲ ಬೀದಿಯ ದೊಡ್ಡವರೆಲ್ಲ ಹೇಳಿದರೂ ಚಿಕ್ಕಯ್ಯ ಕೇಳಲಿಲ್ಲ, ಅವರ ಜೊತೆ ಮಾತು ಬಿಟ್ಟ, ಹೋಗಿ ವೀಳ್ಯ ಬದಲಾಯಿಸಿಕೊಂಡು ಬಂದ. ಎರಡು ತಿಂಗಳಾದ ಮೇಲೆ ರೇಡಿಯೊ ಕೊಡುವುದಿಲ್ಲ ಎಂದು ಕೆಳಗಿನಿಂದ ಸುದ್ದಿ ಬಂತು. ಹೆಣ್ಣೂ ಬೇಡ ಎಂದು ಇನ್ನೊಂದು ವಾರಕ್ಕೆ. ಚಿಕ್ಕಯ್ಯ ರಸ್ಯಕ್ಕೂ ಇಲ್ಲ, ಅಮ್ರಿಕಕ್ಕೂ ಇಲ್ಲದಂತಾದ. ಮುಂದಿನ ವರ್ಷ ಮಗಳನ್ನು ದಂಡಿಗನಹಳ್ಳಿಗೆ ಕೊಟ್ಟ.

ವಾಪಸು ಬರುವಾಗ ನಾನು ಆ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೆ ಹೇಳಿಕೊಂಡೆ. ಒಂದಕ್ಷರವೂ ಬದಲಾಗಬೇಕಿರಲಿಲ್ಲ. ಪಾಪಮ್ಮ ಎಲ್ಲವನ್ನೂ ಸರಿಯಾಗಿಯೇ ಹೇಳಿದ್ದರು.

ಚಂದ್ರಮೌಳಿ ಸರ್‌ಗೆ ಹೇಳುವುದೇ ಕಷ್ಟವಾಯಿತು. ಅವರ ಕೋಣೆಯಲ್ಲಿ ಕೂತು ಮೊದಲಿನಿಂದ ಹೇಳಿದೆ. ನೀರುಗಂಟಿಯ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡರು, ಮೂರನೆಯ ಸಲವೂ ಹೇಳಿಸಿಕೊಂಡರು, ಚೆನ್ನಾಗಿ ನಕ್ಕರು. ದೆಹಲಿಯಲ್ಲಿ ತಾನು ಓದುವಾಗ ಎದುರಿನ ಸಾಲಿನಲ್ಲಿದ್ದ ಒಬ್ಬ ನಿವೃತ್ತ ರಾಯಭಾರಿ ಎರಡೂ ಸಾಲುಗಳನ್ನು ಬರೆದುಕೊಂಡಿದ್ದನ್ನು ನೆನೆದು ಮತ್ತೆ ನಕ್ಕರು. ಆಮೇಲೆ ಮೇಜಿನ ಮೇಲಿದ್ದ ನನ್ನ ಅಧ್ಯಾಯವನ್ನು ತಿರುಗಿಸಿ ಮುಖ ಕೆಳಗಾಗಿ ಇಟ್ಟರು.

“ಹಾಗಾದ್ರೆ ಆಕೆ ಹೇಳಿದ್ದು ನನ್ನ ಮಾತಲ್ಲ,” ಎಂದರು.

ತಪ್ಪು ನನ್ನದು ಸರ್, ಊರಿಗೆ ಹೋಗದೆ ಬರೆದೆ ಎಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಆ ಜೂನ್‌ಗೆ ಅವರು ನಿವೃತ್ತರಾಗುವವರಿದ್ದರು. ಅವರ ಕೈಕೆಳಗೆ ಉಳಿದಿದ್ದ ಕೊನೆಯ ವಿದ್ಯಾರ್ಥಿ ನಾನು.

ಮರುದಿನ ಬೆಳಿಗ್ಗೆ ನಾನು ರೈಲಿನಲ್ಲಿರುವಾಗಲೇ ಸರ್ ಅವರ ಫೋನ್ ಬಂತು. ದನಿಯಲ್ಲಿ ಹಳೆಯ ಹುರುಪು ತುಂಬಿಕೊಂಡಿತ್ತು. ನಾವು ಪೆದ್ದರು, ಇದು ಮೊದಲಿನದಕ್ಕಿಂತ ದೊಡ್ಡ ಅಧ್ಯಾಯ ಎಂದರು. ಎರಡು ಶಕ್ತಿಗಳು, ಒಂದು ಸಂಪನ್ಮೂಲ, ಒಂದು ಒಪ್ಪಂದ, ಒಪ್ಪಂದದ ಉಲ್ಲಂಘನೆ, ನಡುವೆ ಸಿಕ್ಕಿ ಕೆಟ್ಟ ಒಂದು ಸಣ್ಣ ಮನೆತನ. ಪಠ್ಯಪುಸ್ತಕದಲ್ಲಿ ಇರುವುದೆಲ್ಲ ಆ ಎರಡು ಬೀದಿಯಲ್ಲಿ ಇದೆ. ಅಣ್ಣಯ್ಯ ಬದುಕಿದ್ದರೆ ಹುಡುಕು, ಅವರ ಕಡೆಯ ಮಾತು ಬೇಕು; ಅದನ್ನು ಪಾಪಮ್ಮನಿಗೆ ಕೇಳಿಸು; ಅವರು ಏನು ಉತ್ತರ ಕೊಡುತ್ತಾರೋ ಅದೇ ಅಧ್ಯಾಯದ ಕೊನೆ. ಆ ಉತ್ತರವಿಲ್ಲದಿದ್ದರೆ ಇದು ಬರೀ ಕಟ್ಟೆಯ ಮಾತು, ಸಂಶೋಧನೆ ಅಲ್ಲ, ನಾನು ಸಹಿ ಹಾಕುವುದಿಲ್ಲ ಎಂದೂ ಸೇರಿಸಿದರು. ರೈಲು ಸೇತುವೆಯ ಮೇಲೆ ಹೋಗುತ್ತಿದ್ದುದರಿಂದ ಕೊನೆಯ ಮಾತನ್ನು ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲವೂ ಅಷ್ಟೇ ಖಚಿತವಾಗಿ ಹೇಳಿದರು.

ಅಣ್ಣಯ್ಯ ಬದುಕಿದ್ದರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾಗಿ ಅರಕಲಗೂಡಿನಲ್ಲಿ, ಮಗನ ಮನೆಯ ಮಹಡಿಯ ಮೇಲೆ ಇದ್ದರು. ಎಪ್ಪತ್ತೈದು ದಾಟಿದ ವಯಸ್ಸು, ತಲೆಗೆ ಮಫ್ಲರ್, ಇನ್ನೂ ಕಂಬ ಹತ್ತಬಲ್ಲಂಥ ಕಾಲು. ರೇಡಿಯೊ ವಿಷಯ ಎಂದ ಕೂಡಲೇ ಮಗನಿಗೆ ಟಿವಿ ಆರಿಸಲು ಹೇಳಿದರು.

ಒಂದು ಗಂಟೆ ಅವರು ರೇಡಿಯೊ ಬಗ್ಗೆ ಮಾತಾಡಿದರು. ಆರು ವರ್ಷದಲ್ಲಿ ನಾನು ಮಾಡಿದ ನಲವತ್ತೊಂದು ಸಂದರ್ಶನಗಳಲ್ಲಿ ಯಾರೂ ಹಾಗೆ ಮಾತಾಡಿರಲಿಲ್ಲ. ಮರದ ಪೆಟ್ಟಿಗೆ, ಅದಕ್ಕೆ ಹಿತ್ತಾಳೆಯ ಬೀಗ, ಬೀಗದ ಕೈ ಅವರ ಉಡಿದಾರಕ್ಕೆ. ಸಾಯಂಕಾಲ ಹೊಲದಿಂದ ಬಂದು ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು ಆಮೇಲೆ ಪೆಟ್ಟಿಗೆ ತೆಗೆಯುತ್ತಿದ್ದರು. ಜನ ಆಗಲೇ ಬಂದು ಕೂತಿರುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಗುಂಡಿ ತಿರುಗಿಸಿದರೆ ಮೊದಲು ಎಣ್ಣೆಯಲ್ಲಿ ಏನೋ ಕರಿದಂಥ ಸದ್ದು, ಅದರೊಳಗಿನಿಂದ ಮೆಲ್ಲಗೆ ಒಬ್ಬ ಮನುಷ್ಯ ನಡೆದು ಬಂದಂತೆ ದನಿ. ಢಾಕಾ ಎಂಬ ಊರಿನ ಹೆಸರನ್ನು ಕಲ್ಲುಕೊಪ್ಪಲಿನಲ್ಲಿ ಮೊದಲು ಹೇಳಿದ ಬಾಯಿ ತನ್ನದು ಎಂದರು. ವಾರ್ತೆ ಮುಗಿದ ಮೇಲೆ ಕಿವಿ ಮಂದದವರಿಗೆ ಎಲ್ಲವನ್ನೂ ಇನ್ನೊಮ್ಮೆ ಹೇಳುವುದು ಅವರ ಕೆಲಸವಾಗಿತ್ತು. ಕೇಳುತ್ತ ಕೇಳುತ್ತ ನನಗೆ ಹೊಳೆನರಸೀಪುರದ ಕೋಟೆಯಲ್ಲಿ ನಮ್ಮಜ್ಜಿ ಶ್ರೀರಂಗಮ್ಮ ದೇವರ ಮನೆಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಿದ್ದ ಟ್ರಾನ್ಸಿಸ್ಟರು ನೆನಪಾಯಿತು. ಅದರ ಚರ್ಮದ ಚೀಲಕ್ಕೆ ಸದಾ ಕರ್ಪೂರದ ವಾಸನೆ.

ಆ ರೇಡಿಯೊ ಏನಾಯಿತು ಎಂದು ಕೇಳಿದೆ. ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲೇ ಕೆಟ್ಟುಹೋಯಿತು, ರಿಪೇರಿಗೆ ಹಾಸನಕ್ಕೆ ಹೋದದ್ದು ವಾಪಸು ಬರಲಿಲ್ಲ ಎಂದರು. ಆಮೇಲೆ ನಾನು ಪಾಪಮ್ಮನ ಹೆಸರು ಹೇಳಿದೆ. ಅಣ್ಣಯ್ಯ ಮಫ್ಲರ್ ಬಿಚ್ಚಿ ಮಡಿಚಿ ತೊಡೆಯ ಮೇಲಿಟ್ಟುಕೊಂಡರು.

ಕಟ್ಟೆಯವರು ಹೇಳಿದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿದರು.

“ಊರೋರು ಯೋಳೋದು ಸರಿಯಿಲ್ಲ,” ಎಂದರು. “ಆ ವಯಸ್ನಲ್ಲಿ ಬೀಗದ ಕೈ ದೊಡ್ಡದಾಗಿ ಕಾಣ್ತು ಕಣವ್ವ. ಮಿಕ್ಕಿದ್ದ ನಾನು ಆಯಮ್ಮಂಗೇ ಯೋಳ್ಬೇಕು. ನಿಮಗಲ್ಲ.”

ಚನ್ನರಾಯಪಟ್ಟಣಕ್ಕೆ ಹೋಗೋಣ ಬನ್ನಿ ಎಂದೆ. ತಲೆ ಅಲ್ಲಾಡಿಸಿದರು, ಯಾವ ಮುಖ ಹೊತ್ತುಕೊಂಡು ಆ ಮನೆ ಬಾಗಿಲಿಗೆ ಹೋಗಲಿ ಎಂದರು. ಹಾಗಾದರೆ ನನ್ನ ಫೋನಿನಲ್ಲಿ ಹೇಳಿ, ನಾನು ತಲುಪಿಸುತ್ತೇನೆ ಎಂದೆ; ದನಿ ಹೇಗೆ ಮುದ್ರಿಸಿಕೊಳ್ಳುವುದೆಂದು ತೋರಿಸಿದೆ. ಅವರು ಕೆಂಪು ಗುಂಡಿಯನ್ನು ಒಮ್ಮೆ ಸುಮ್ಮನೆ ಒತ್ತಿ ನೋಡಿ, ನನ್ನನ್ನು ಹೊರಗೆ ಇರಲು ಹೇಳಿದರು. ನಾನು ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಎರಡು ನಿಮಿಷ ನಲವತ್ತು ಸೆಕೆಂಡು.

ಫೋನ್ ಕೊಡುವಾಗ ಅವರು ಒಂದು ಷರತ್ತು ಹಾಕಿದರು. ಮೊದಲು ಪಾಪಮ್ಮ ಕೇಳಬೇಕು. ಅವರು ಕೇಳಿದ ಮೇಲೆ ನಾನು ಕೇಳಬಹುದು, ಬರೆದುಕೊಳ್ಳಬಹುದು, ಎಲ್ಲಿ ಬೇಕಾದರೂ ಹಾಕಬಹುದು. ಅವರು ಕೇಳದಿದ್ದರೆ ಅಳಿಸಿಬಿಡಬೇಕು. ನಾನು ಒಪ್ಪಿದೆ. ಸಂದರ್ಶನದ ಒಪ್ಪಿಗೆ ಪತ್ರದ ಅಂಚಿನಲ್ಲಿ ಆ ಷರತ್ತನ್ನು ಅವರೇ ತಮ್ಮ ಕೈಯಿಂದ ಬರೆದು ಸಹಿ ಮಾಡಿದರು. ಲೈನ್‌ಮನ್‌ಗಳ ದಾಖಲೆ ಪುಸ್ತಕದ ಗುಂಡನೆಯ ಅಕ್ಷರ.

ಚಂದ್ರಮೌಳಿ ಸರ್ ಅದನ್ನು ಓದಿ ಬಹಳ ಖುಷಿಪಟ್ಟರು. ಇಂಥ ಒಪ್ಪಿಗೆ ಪತ್ರ ತಾನು ಕಂಡೇ ಇಲ್ಲ ಎಂದರು. ಹೋಗು, ಇವತ್ತೇ ಹೋಗು ಎಂದರು. ನಾನು ಜನವರಿ ಇಪ್ಪತ್ತರವರೆಗೂ ಹೋಗಲಿಲ್ಲ. ಅಧ್ಯಾಯವನ್ನು ಹೊಸದಾಗಿ ಬರೆದೆ, ಕೊನೆಯ ಎರಡು ಪುಟ ಬಿಟ್ಟು. ಅಷ್ಟೂ ದಿನ ಫೋನ್ ನನ್ನ ಚೀಲದಲ್ಲಿತ್ತು, ರಾತ್ರಿ ದಿಂಬಿನ ಪಕ್ಕ ಇತ್ತು, ರೈಲಿನಲ್ಲಿ ಕೈಯಲ್ಲೇ ಇತ್ತು. ಒಂದು ಸಲ ಬೆರಳು ಆ ಕಡತದ ಮೇಲೆ ಹೋಗಿ ನಿಂತದ್ದೂ ಉಂಟು.

ಪಾಪಮ್ಮ ಮೊಮ್ಮಗಳು ಯಶಸ್ವಿನಿಯ ಮನೆಯ ಹಿತ್ತಿಲಲ್ಲಿ ಬಿಸಿಲಿಗೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಹೆಬ್ಬೆರಳು, ತೋರುಬೆರಳು, ಒಂದು ಒತ್ತು. ಬೇಳೆ ಬಟ್ಟಲಿಗೆ, ಸಿಪ್ಪೆ ನೆಲಕ್ಕೆ. ನನ್ನ ಗುರುತು ಹಿಡಿದರು. ಇಷ್ಟು ದಿನಕ್ಕೆ ಬಂದೆಯಲ್ಲ ಎಂದು ಗದರಿ, ಮಣೆ ಕೊಡಿಸಿ, ನನ್ನ ಮುಂದೆಯೂ ಒಂದಿಷ್ಟು ಕಾಳು ಸುರಿದರು. ಹಿತುಕುತ್ತಲೇ ನಾನು ತಪ್ಪು ಒಪ್ಪಿಕೊಂಡೆ. ಅವರ ಮಾತನ್ನು ನಾನು ದೇಶದ ಮಾತೆಂದು ತಿಳಿದದ್ದು, ನಮ್ಮ ಸರ್ ಅದನ್ನು ದೆಹಲಿಯಲ್ಲಿ ಓದಿದ್ದು, ದೊಡ್ಡ ದೊಡ್ಡವರು ಬರೆದುಕೊಂಡದ್ದು.

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಆಮೇಲೆ ಒಳಗೆ ಕೂಗಿದರು.

“ಲೇ ಯಶೂ, ಕೇಳಮ್ಮಿ ಇಲ್ಲಿ. ನಾನು ಡೆಲ್ಲಿಯೊಳಗೆ ರಸ್ಯ ದೇಸನ ಬೈದ್ಬುಟ್ನಂತೆ. ಪೊಲೀಸ್ನೋರು ಬಂದ್ರೆ ನೀನೇ ಮಾತ್ಕತೆ ಆಡ್ಬೇಕು ಕಣೆ.”

ಯಶಸ್ವಿನಿ ಬಾಗಿಲಲ್ಲಿ ನಿಂತು ನಕ್ಕಳು. ಅಜ್ಜಿಯೂ ನಕ್ಕರು, ಕಣ್ಣು ಒರೆಸಿಕೊಂಡರು. ಇಷ್ಟು ಓದಿದ ಹುಡುಗಿ, ಯಾವ ರಸ್ಯ ಅಂತ ಒಂದು ಮಾತು ಕೇಳಬಾರದಿತ್ತೇ ಎಂದರು. ಕೇಳಬೇಕಿತ್ತು ಎಂದೆ. ಇರಲಿ, ಸರಿಯಾಗಿ ಬರೆದುಕೊ, ಅದು ನಾನಂದದ್ದೇ ಎಂದರು.

ಆಗ ನಾನು ಅರಕಲಗೂಡಿಗೆ ಹೋಗಿದ್ದನ್ನು ಹೇಳಿದೆ. ಅಣ್ಣಯ್ಯ ಎಂದೆ. ಬೆರಳುಗಳು ನಿಲ್ಲಲಿಲ್ಲ, ಆದರೆ ಒಂದೆರಡು ಬೇಳೆ ಬಟ್ಟಲು ಬಿಟ್ಟು ನೆಲಕ್ಕೆ ಬಿದ್ದವು. ಆರೋಗ್ಯವಾಗಿದ್ದಾನಾ ಎಂದು ಕೇಳಿದರು. ಆರೋಗ್ಯವಾಗಿದ್ದಾರೆ, ಮಕ್ಕಳು ಮೊಮ್ಮಕ್ಕಳು ಇದ್ದಾರೆ ಎಂದೆ. ಸರಿ ಎಂದರು. ಸ್ವಲ್ಪ ಹೊತ್ತಿನ ಮೇಲೆ, ನಾನು ಕೇಳದೆಯೇ, ತಮ್ಮ ತಂದೆಯ ಮಾತು ತೆಗೆದರು.

ಚಿಕ್ಕಯ್ಯನಿಗೆ ವಾರ್ತೆಯ ಹುಚ್ಚು. ಯುದ್ಧದ ದಿನಗಳಲ್ಲಿ ಉಣ್ಣುವುದನ್ನು ಬಿಟ್ಟಾದರೂ ಚಾವಡಿಗೆ ಇಳಿದು ಹೋಗುತ್ತಿದ್ದ. ಮೇಗಲ ಬೀದಿಯಿಂದ ನಾಚಿಕೆಯಿಲ್ಲದೆ ಹೋಗುತ್ತಿದ್ದವನು ಅವನೊಬ್ಬನೇ. ಸಂಬಂಧ ಮುರಿದ ಮೇಲೆ ಕೆಳಗಿಳಿಯುವುದನ್ನು ನಿಲ್ಲಿಸಿದ. ಸಾಯಂಕಾಲ ಮನೆಯ ಹಿಂದಿನ ಮೋಟುಗೋಡೆಯ ಮೇಲೆ ಕೂರುತ್ತಿದ್ದ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು.

“ಗಾಳಿ ಇತ್ಲಾಗ್ ಬೀಸಿದ್ರೆ ಅರ್ದ ವಾರ್ತೆ ಕೇಳೋದು,” ಎಂದರು ಪಾಪಮ್ಮ. “ಅತ್ಲಾಗ್ ತಿರುಗಿದ್ರೆ ಓಯ್ತು. ಇನ್ನರ್ದ ಏನಂದ ಮಗಾ ಅಂತ ನನ್ನ ಕೇಳೋನು. ನನಗೇನ್ ಗೊತ್ತಾದದು? ಗೆದ್ವಂತೆ ಕಣಪ್ಪ ಅಂತಿದ್ದೆ. ದಿನಾ ಅಂಗೇ ಅಂತಿದ್ದೆ. ಯುದ್ದ ಮುಗುದು ಎಷ್ಟೋ ತಿಂಗ್ಳಾಗಿತ್ತು ಆಗ.”

ಬಿಸಿಲು ಗೋಡೆಯ ಮೇಲೆ ಹತ್ತಿತ್ತು. ಅವರು ಸಿಪ್ಪೆಯನ್ನು ಕೈಯಿಂದ ಒಟ್ಟುಮಾಡಿ ಮೊರಕ್ಕೆ ತುಂಬಿದರು.

ನಾನು ಫೋನ್ ತೆಗೆದೆ. ಇದರಲ್ಲಿ ಅಣ್ಣಯ್ಯನವರ ಮಾತು ಇದೆ, ನಿಮಗೆಂದೇ ಹೇಳಿದ್ದು, ಬೇರೆ ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ ಎಂದೆ. ನೀವು ಕೇಳಿದರೆ ಮಾತ್ರ ನಾನು ಬರೆಯಬಹುದು ಎಂದೂ ಹೇಳಿದೆ. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಫೋನನ್ನು ಬೇಳೆಯ ಬಟ್ಟಲಿನ ಪಕ್ಕ, ಒಣಗಿದ ಜಾಗ ನೋಡಿ ಇಟ್ಟೆ.

ಅವರು ಅದನ್ನು ನೋಡಿದರು. ಮುಟ್ಟಲಿಲ್ಲ.

“ನಾನು ಕೇಳ್ದಿದ್ರೆ ನಿನ್ ಓದು ನಿಂತೋಯ್ತದಾ?”

“ನಿಲ್ಲಬಹುದು ಅಜ್ಜಿ. ಹನ್ನೊಂದು ದಿನ ಇದೆ.”

ಅವರು ಸೆರಗಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಕೇಳಲು ಅಣಿಯಾಗುತ್ತಿದ್ದಾರೆ ಎಂದುಕೊಂಡು ನಾನು ಫೋನಿನತ್ತ ಕೈ ಚಾಚಿದೆ.

“ಬ್ಯಾಡ,” ಎಂದರು.

“ಎರಡೂಮುಕ್ಕಾಲು ನಿಮಿಷ ಅಷ್ಟೆ ಅಜ್ಜಿ. ಅವರು ತಪ್ಪು ಒಪ್ಪಿಕೊಂಡಿರಬಹುದು.”

“ಒಪ್ಕಂಡಿರ್ಬೋದು. ಎತ್ಕೊ ಅದ. ರಸ್ಯದೋರ ಮಾತ ನಮ್ಮಪ್ಪ ಕೇಳಿದ್ದೇ ಸಾಕು. ನಾನು ಕೇಳಕ್ಕಿಲ್ಲ.”